ಫಿಜಿಯ ಆಚೆ ದ್ವೀಪಗಳಿಗೆ ಸಾಮಾನು ಹಡಗಲ್ಲಿ ಹೋಗುವುದು ಹೇಗೆ

ಫಿಜಿ ಅಂದರೆ ಎಲ್ಲರಿಗೂ ನೆನಪಾಗುವುದು ನೀಲಿ ನೀರು, ತೆಂಗಿನ ಮರ, ರೆಸಾರ್ಟು. ನಾನು ಹೇಳಹೊರಟಿದ್ದು ಅದರಾಚೆಯ ಫಿಜಿಯ ಬಗ್ಗೆ. ಅಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ, ಸುಮಾರು ನೂರರಲ್ಲಿ ಜನ ವಾಸ ಮಾಡುತ್ತಾರೆ. ಅದರಲ್ಲೂ ಪೂರ್ವಕ್ಕಿರುವ ಲಾವು ದ್ವೀಪಗಳ ಜನರಿಗೆ ಅಕ್ಕಿ, ಮೈದಾ, ಸೀಮೆಎಣ್ಣೆ, ಮನೆಗೆ ಹೊದಿಸುವ ತಗಡು, ರಜೆಗೆ ಬರುವ ಮಕ್ಕಳು ಎಲ್ಲ ಬರುವುದು ಒಂದೇ ದಾರಿಯಲ್ಲಿ, ತಿಂಗಳಿಗೆ ಒಂದೋ ಎರಡೋ ಸಲ ರಾಜಧಾನಿ ಸುವಾದಿಂದ ಹೊರಡುವ ಹಡಗಲ್ಲಿ. ಲಾಭ ಇಲ್ಲದ ಮಾರ್ಗ ಅಂತ ಸರ್ಕಾರವೇ ಸಹಾಯಧನ ಕೊಟ್ಟು ಆ ಹಡಗುಗಳನ್ನು ಓಡಿಸುತ್ತದೆ. ಟಿಕೆಟ್ ತೆಗೆದುಕೊಂಡರೆ ನೀವೂ ಹತ್ತಬಹುದು.

ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಆ ಹಡಗು ನಿಮಗೋಸ್ಕರ ಹೋಗುತ್ತಿಲ್ಲ. ಇದು ಅರ್ಥವಾದರೆ ಉಳಿದಿದ್ದೆಲ್ಲ ಸಲೀಸು. ಅದು ಹೊರಡುವುದು ಸಾಮಾನು ತುಂಬಿದಾಗ, ಗಾಳಿ ಇಳಿದಾಗ, ಎಂಜಿನ್ ರಿಪೇರಿ ಮುಗಿದಾಗ. ನಾನು ಮೊದಲ ಸಲ ಹೋದಾಗ ಸೋಮವಾರ ಸಂಜೆ ಅಂತ ಹೇಳಿದ್ದ ಹಡಗು ಹೊರಟಿದ್ದು ಗುರುವಾರ ರಾತ್ರಿ. ವಾಪಸ್ ಬರುವಾಗ ಇನ್ನೂ ಐದು ದಿನ ತಡವಾಗಿ ನನ್ನ ವಿಮಾನ ತಪ್ಪಿಹೋಯಿತು, ಹೊಸ ಟಿಕೆಟಿಗೆ ದುಡ್ಡು ಸುರಿಯಬೇಕಾಯಿತು. ಅದಕ್ಕೇ ಹೇಳುತ್ತೇನೆ, ಲಾವು ನೋಡಬೇಕು ಅಂದರೆ ಕೈಯಲ್ಲಿ ಮೂರು ವಾರವಾದರೂ ಇರಲಿ. ಹತ್ತು ದಿನದ ರಜೆ ಇದ್ದರೆ ಸುಮ್ನೆ ಹತ್ತಿರದ ದ್ವೀಪಗಳಿಗೆ ಹೋಗಿ, ಅವೂ ಚೆನ್ನಾಗಿವೆ.

ಹೆಸರು ಓದುವುದು

ಇದನ್ನು ಮೊದಲು ಕಲಿಯಿರಿ, ಇಲ್ಲದಿದ್ದರೆ ಜೆಟ್ಟಿಯಲ್ಲಿ ಯಾವ ಹಡಗು ಎಲ್ಲಿಗೆ ಅಂತ ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಫಿಜಿ ಭಾಷೆಯ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಕೆಲವು ಸದ್ದು ಬರೆದಿರುವುದಿಲ್ಲ. ಬಿ ಅಂದರೆ 'ಂಬ', ಡಿ ಅಂದರೆ 'ಂದ', ಕ್ಯೂ ಅಂದರೆ 'ಂಗ'. ಸಿ ಅಂತ ಬರೆದರೆ 'ದ' ಮತ್ತು 'ಥ' ನಡುವಿನ ಒಂದು ಸದ್ದು. ವಿಮಾನ ಇಳಿಯುವ ಊರನ್ನು ಇಂಗ್ಲಿಷಲ್ಲಿ ಎನ್-ಎ-ಡಿ-ಐ ಅಂತ ಬರೆಯುತ್ತಾರೆ, ಹೇಳುವುದು ನಂದಿ. ನಮ್ಮ ಬೆಟ್ಟದ ಹೆಸರೇ ಅಲ್ವಾ. ಹಾಗೇ ಲಾಕೆಂಬ, ಕಂದಾವು, ವನುವಂಬಲಾವು, ಫುಲಾಂಗ ಅನ್ನುವ ದ್ವೀಪಗಳ ಹೆಸರು. ಲಾವಿನಲ್ಲಿ ಕಂಬಾರ ಅನ್ನುವ ದ್ವೀಪವೂ ಇದೆ, ಅಲ್ಲಿಯವರು ವೆಸಿ ಅನ್ನುವ ಗಟ್ಟಿ ಮರ ಕೆತ್ತುವುದರಲ್ಲಿ ಹೆಸರಾದವರು. ಇಂಗ್ಲಿಷಿಗಿಂತ ಕನ್ನಡ ಅಕ್ಷರದಲ್ಲೇ ಈ ಹೆಸರುಗಳು ಸರಿಯಾಗಿ ಕೂರುತ್ತವೆ. ನಿಮ್ಮ ಡೈರಿಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ.

ಫಿಜಿವರೆಗೆ

ಭಾರತದ ಪಾಸ್‌ಪೋರ್ಟಿಗೆ ಫಿಜಿಯಲ್ಲಿ ಮುಂಚಿತ ವೀಸಾ ಬೇಡ, ಇಳಿದ ಮೇಲೆ ನಾಲ್ಕು ತಿಂಗಳವರೆಗಿನ ಅನುಮತಿ ಕೊಡುತ್ತಾರೆ. ವಾಪಸ್ ಟಿಕೆಟ್ ತೋರಿಸಬೇಕು. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿಂದ ನಂದಿಗೆ ನೇರ ವಿಮಾನ, ಇದೇ ಸುಲಭದ ದಾರಿ. ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಮೇಲೆ ಹೋಗುವ ಟಿಕೆಟ್ ಅಗ್ಗ ಕಂಡರೂ ಬರೀ ವಿಮಾನ ಬದಲಿಸುವುದಕ್ಕೂ ಅಲ್ಲಿ ವೀಸಾ ಕೇಳುತ್ತಾರೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಮನೆಯಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ, ಬೀಜ, ಜೇನುತುಪ್ಪ ಏನೇ ಇದ್ದರೂ ಫಾರ್ಮಿನಲ್ಲಿ ಬರೆದು ತೋರಿಸಿ. ಬಚ್ಚಿಟ್ಟರೆ ದಂಡ ಬೀಳುತ್ತದೆ. ದ್ವೀಪದ ಬೆಳೆಗೆ ಒಂದು ಹೊಸ ಹುಳ ಬಂದರೂ ಅವರಿಗೆ ದೊಡ್ಡ ಕಷ್ಟ, ಅವರು ಕಟ್ಟುನಿಟ್ಟಾಗಿರುವುದು ಸರಿಯೇ.

ಇನ್ನೊಂದು ಎಚ್ಚರಿಕೆ. ಸ್ಯಾಟಲೈಟ್ ಫೋನ್ ಅಥವಾ ಮೆಸೇಜ್ ಕಳಿಸುವ ಸ್ಯಾಟಲೈಟ್ ಸಾಧನವನ್ನು ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಇದರಿಂದ ಸಿಕ್ಕಿಬಿದ್ದವರಿದ್ದಾರೆ. ಬೇಕಿದ್ದರೆ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ಅಲ್ಲೇ ವಾಪಸ್ ಕೊಟ್ಟು ಬನ್ನಿ.

ಕಾಲ ಯಾವುದು ಅಂದರೆ ಮೇನಿಂದ ಅಕ್ಟೋಬರ್. ನವೆಂಬರಿನಿಂದ ಏಪ್ರಿಲ್ ಚಂಡಮಾರುತದ ಕಾಲ. 2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಚಂಡಮಾರುತ ವನುವಂಬಲಾವು, ಕೋರೊ ದ್ವೀಪಗಳನ್ನು ಹೊಡೆದಾಗ ಇಡೀ ಹಳ್ಳಿಗಳ ಸೂರೇ ಹಾರಿಹೋಗಿತ್ತು, ಫಿಜಿಯಲ್ಲಿ 44 ಜನ ಸತ್ತರು. ಒಳ್ಳೆಯ ಕಾಲದಲ್ಲೂ ಸಮುದ್ರ ಶಾಂತ ಅಂತ ತಿಳಿಯಬೇಡಿ. ಆಗ್ನೇಯ ದಿಕ್ಕಿನಿಂದ ಗಾಳಿ ಸತತ ಬೀಸುತ್ತದೆ. ಲಾವು ಇರುವುದು ಪೂರ್ವಕ್ಕೆ, ಅಂದರೆ ಹೋಗುವಾಗ ಹಡಗು ಗಾಳಿಗೆ ಎದುರಾಗಿ ಅಲೆಗಳಿಗೆ ತಲೆ ಬಡಿದುಕೊಂಡು ಹೋಗುತ್ತದೆ. ಬರುವಾಗ ಗಾಳಿ ಬೆನ್ನಿಗಿರುತ್ತದೆ, ಪ್ರಯಾಣ ಬಹಳ ಹಗುರ. ಹೋಗುವ ರಾತ್ರಿ ಹೊಟ್ಟೆ ತೊಳಸಿದರೆ ವಾಪಸ್ ಬರುವುದೂ ಹೀಗೇ ಅಂತ ಹೆದರಬೇಡಿ.

ಮೊದಲು ಅಭ್ಯಾಸ

ನೇರವಾಗಿ ಲಾವು ಹಡಗು ಹತ್ತಬೇಡಿ. ನಂದಿ ಹತ್ತಿರದ ದೆನರಾವು ಬಂದರಿನಿಂದ ಯಸಾವಾ ದ್ವೀಪಗಳಿಗೆ ದಿನಾ ಬೆಳಗ್ಗೆ ಯಸಾವಾ ಫ್ಲೈಯರ್ ಅನ್ನುವ ದೊಡ್ಡ ಹಳದಿ ಕ್ಯಾಟಮರಾನ್ ಹೋಗುತ್ತದೆ. ಸಮಯಕ್ಕೆ ಸರಿಯಾಗಿ ಹೊರಡುತ್ತದೆ. ಪ್ರತಿ ದ್ವೀಪದ ಎದುರು ನಡುನೀರಲ್ಲಿ ನಿಲ್ಲುತ್ತದೆ, ಸಣ್ಣ ದೋಣಿ ಪಕ್ಕಕ್ಕೆ ಬರುತ್ತದೆ, ನೀವು ಇಳಿದು ದೋಣಿಗೆ ಹೋಗಬೇಕು. ಇಳಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆಮೇಲೆ ಸುವಾಗೆ ಬಂದು ಲೆವುಕಾ ನೋಡಿ. ಬಸ್ಸಿನಲ್ಲಿ ನಾತೋವಿ, ಅಲ್ಲಿಂದ ಸುಮಾರು ಒಂದು ಗಂಟೆ ಫೆರ್ರಿ, ಮತ್ತೆ ಬಸ್ಸು. ಸುವಾಕ್ಕಿಂತ ಮುಂಚೆ ಬ್ರಿಟಿಷರ ರಾಜಧಾನಿ ಇದ್ದಿದ್ದು ಈ ಲೆವುಕಾದಲ್ಲೇ. 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮೂರನೆಯದು ಕಂದಾವು, ಸುವಾದಿಂದ ದಕ್ಷಿಣಕ್ಕೆ ಒಂದು ರಾತ್ರಿಯ ಹಡಗು. ಈ ಮೂರೂ ಮುಗಿಸುವಷ್ಟರಲ್ಲಿ ಸಮುದ್ರ ನಿಮ್ಮ ಮೈಗೆ ಒಗ್ಗುತ್ತದಾ ಇಲ್ಲವಾ ಅಂತ ನಿಮಗೇ ಗೊತ್ತಾಗುತ್ತದೆ.

ಲಾವು ಹಡಗು ಹಿಡಿಯುವುದು

ಹಡಗು ಕಂಪನಿಗಳ ಆಫೀಸು ಸುವಾದ ವಾಲು ಬೇ ಕಡೆ ಇವೆ. ಆನ್‌ಲೈನಲ್ಲಿ ಹುಡುಕಿ ಕಾಲ ಕಳೆಯಬೇಡಿ, ನಡೆದುಕೊಂಡು ಹೋಗಿ ಕೇಳಿ. ಎರಡು ದಿನಕ್ಕೊಮ್ಮೆ ಹೋಗಿ ಕೇಳಿ. ಮಾರ್ಗದಲ್ಲಿ ಯಾವ್ಯಾವ ದ್ವೀಪ, ಯಾವ ಕ್ರಮದಲ್ಲಿ, ಪ್ರತಿ ಕಡೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಬರೆಸಿಕೊಳ್ಳಿ. ಸುವಾದ ಪೇಟೆಯಲ್ಲಿ, ಟ್ಯಾಕ್ಸಿಯಲ್ಲಿ ನಿಮ್ಮ ಹಿಂದಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. 1879ರಿಂದ 1916ರವರೆಗೆ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ 60 ಸಾವಿರಕ್ಕೂ ಜಾಸ್ತಿ ಜನರನ್ನು ಭಾರತದಿಂದ ಹಡಗಲ್ಲಿ ಕರೆತಂದಿದ್ದರು, ಅವರ ಮೊಮ್ಮಕ್ಕಳ ಮಕ್ಕಳು ಇವತ್ತು ಫಿಜಿ ಹಿಂದಿ ಮಾತಾಡುತ್ತಾರೆ. ಮದ್ರಾಸಿನಿಂದ ಬಂದವರೂ ಬಹಳ. ಆದರೆ ಲಾವಿನಲ್ಲಿ ಹಿಂದಿ ನಡೆಯುವುದಿಲ್ಲ, ಅಲ್ಲಿಗೆ ಒಂದಿಷ್ಟು ಫಿಜಿ ಮಾತು ಕಲಿಯಿರಿ. ಬೂಲ ಅಂದರೆ ನಮಸ್ಕಾರ, ವಿನಾಕ ಅಂದರೆ ಧನ್ಯವಾದ.

ಟಿಕೆಟ್‌ಗಿಂತ ಮುಖ್ಯವಾದದ್ದು ಒಂದಿದೆ. ಲಾವಿನ ಹೆಚ್ಚಿನ ದ್ವೀಪಗಳಲ್ಲಿ ಹೋಟೆಲ್ ಇಲ್ಲ. ಯಾರದೋ ಮನೆಯಲ್ಲೇ ಇರಬೇಕು, ಅಂದರೆ ಆ ಹಳ್ಳಿಯವರು ಬನ್ನಿ ಅನ್ನಬೇಕು. ಪ್ರತಿ ದ್ವೀಪದವರೂ ಸುವಾದಲ್ಲಿ ಕೆಲಸಕ್ಕೆ, ಓದಿಗೆ ಇದ್ದೇ ಇರುತ್ತಾರೆ. ನೀವಿರುವ ಮನೆಯವರನ್ನು, ಚರ್ಚಿನವರನ್ನು, ಹಡಗಿನ ಆಫೀಸಿನವರನ್ನು ಕೇಳಿ. ಒಬ್ಬರು ಸಿಕ್ಕಿದರೆ ಅವರು ಊರಿಗೆ ಫೋನ್ ಮಾಡಿ ಹೇಳುತ್ತಾರೆ. ಹೇಳದೆ ಕೇಳದೆ ಹೋಗಿ ಇಳಿಯುವುದು ಮಾತ್ರ ಬೇಡ, ತಮ್ಮ ಊಟದಲ್ಲಿ ಪಾಲು ಕೊಡದೆ ಅವರಿಗೆ ಇರಲಾಗುವುದಿಲ್ಲ, ಆ ತಿಂಗಳ ಅಕ್ಕಿ ಮುಗಿಯುವ ಹೊತ್ತಲ್ಲಿ ನೀವು ಹೋಗಿ ನಿಂತರೆ ಅವರ ಮೇಲೆ ಭಾರ. ಹತ್ತು ಕಿಲೋ ಅಕ್ಕಿ, ಸಕ್ಕರೆ, ಟೀ ಪುಡಿ, ಎಣ್ಣೆ, ಸಾಬೂನು ಸುವಾದಲ್ಲೇ ಕೊಂಡು ಚೀಲ ಕಟ್ಟಿ ಅದರ ಮೇಲೆ ಮಾರ್ಕರಲ್ಲಿ ಮನೆಯವರ ಹೆಸರು, ಹಳ್ಳಿ, ದ್ವೀಪ ಬರೆದು ಹಡಗಿಗೆ ಹಾಕಿ. ಕಂಬಾರ, ಫುಲಾಂಗ ಸುಣ್ಣದ ಕಲ್ಲಿನ ದ್ವೀಪಗಳು. ಮಣ್ಣು ಕಡಿಮೆ, ಹೊಳೆ ಇಲ್ಲ. ಕುಡಿಯುವುದು ಮಳೆ ನೀರು. ಅಲ್ಲಿ ಬಕೆಟ್ ತುಂಬ ಸ್ನಾನ ಮಾಡುವ ಮುಂಚೆ ಕೇಳಿ.

ಹತ್ತುವ ಮುಂಚೆ ಹಡಗನ್ನು ಒಮ್ಮೆ ಸುತ್ತ ನೋಡಿ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 2009ರ ಆಗಸ್ಟ್ 5ರಂದು ಟೊಂಗಾದಲ್ಲಿ ಪ್ರಿನ್ಸೆಸ್ ಅಶಿಕಾ ಅನ್ನುವ ಫೆರ್ರಿ ರಾತ್ರಿ ಮುಳುಗಿ 74 ಜನ ಹೋದರು. ಒಳಗಡೆ ಮಲಗಿದ್ದ ಹೆಂಗಸರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಹಡಗು ಸಮುದ್ರಕ್ಕೆ ಇಳಿಯುವ ಸ್ಥಿತಿಯಲ್ಲೇ ಇರಲಿಲ್ಲ ಅಂತ ವಿಚಾರಣೆಯಲ್ಲಿ ಗೊತ್ತಾಯಿತು. 2018ರ ಜನವರಿಯಲ್ಲಿ ಕಿರಿಬಾಸ್ ದೇಶದ ಬುಟಿರಾವೊಯ್ ಅನ್ನುವ ಫೆರ್ರಿ ಮುಳುಗಿದಾಗ 90ಕ್ಕೂ ಹೆಚ್ಚು ಜನ ಸತ್ತರು, ಉಳಿದವರು 7 ಜನ. ಆದ್ದರಿಂದ ನೋಡಿ. ಹಡಗು ಒಂದು ಕಡೆಗೆ ವಾಲಿದೆಯಾ, ಮೇಲಿನ ಡೆಕ್ಕಿನಲ್ಲೂ ಡ್ರಮ್ಮು, ಸಿಮೆಂಟು ಪೇರಿಸಿದ್ದಾರಾ, ಲೈಫ್ ಜಾಕೆಟ್ ಎಲ್ಲಿವೆ, ಅವುಗಳ ಪಟ್ಟಿ ಕಟ್ಟಲು ಬರುತ್ತದಾ. ಮನಸ್ಸಿಗೆ ಸರಿ ಕಾಣದಿದ್ದರೆ ಇಳಿದುಬಿಡಿ. ದುಡ್ಡು ಹೋದರೆ ಹೋಗಲಿ. ನಾನು ನನ್ನದೇ ಲೈಫ್ ಜಾಕೆಟ್ ಒಯ್ಯುತ್ತೇನೆ, ಅದಕ್ಕೆ ಒಂದು ಸೀಟಿ, ಒಂದು ಸಣ್ಣ ದೀಪ ಕಟ್ಟಿರುತ್ತೇನೆ, ರಾತ್ರಿ ಅದೇ ತಲೆದಿಂಬು. ಮಲಗುವುದು ಯಾವಾಗಲೂ ತೆರೆದ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ. ಅಲ್ಲಿ ಓಲಾಟವೂ ಕಡಿಮೆ. ಹಿಂಭಾಗದಲ್ಲಿ ಡೀಸೆಲ್ ಹೊಗೆ ಬರುತ್ತದೆ, ಅದರ ವಾಸನೆಗೇ ಅರ್ಧ ವಾಂತಿ.

ವಾಂತಿಗೆ ಮಾತ್ರೆ ಹೊರಡುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ, ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಊರಲ್ಲೇ ಡಾಕ್ಟರನ್ನು ಕೇಳಿ ತನ್ನಿ. ಖಾಲಿ ಹೊಟ್ಟೆ ಬೇಡ, ತುಂಬಿದ ಹೊಟ್ಟೆಯೂ ಬೇಡ. ಮೊಬೈಲ್ ನೋಡಬೇಡಿ, ದೂರದ ದಿಗಂತ ನೋಡಿ. ಚಾಪೆ, ತೆಳ್ಳನೆ ಹೊದಿಕೆ, ಮಳೆಕೋಟು, ಐದು ಲೀಟರ್ ನೀರು, ಬಾಳೆಹಣ್ಣು, ಬಿಸ್ಕತ್ತು ನಿಮ್ಮ ಹತ್ತಿರವೇ ಇರಲಿ. ಅಕ್ಕಪಕ್ಕದ ಚಾಪೆಯವರು ಊಟಕ್ಕೆ ಕೂತಾಗ ನಿಮ್ಮನ್ನು ಕರೆಯುತ್ತಾರೆ, ಕೂತುಕೊಳ್ಳಿ. ಲಾಕೆಂಬ ತಲುಪುವಷ್ಟರಲ್ಲಿ ನಿಮಗೆ ನಾಲ್ಕು ಮನೆಯ ಪರಿಚಯ ಆಗಿರುತ್ತದೆ.

ಇಳಿಯುವ ಹೊತ್ತು

ಬಹಳಷ್ಟು ದ್ವೀಪಗಳಲ್ಲಿ ಜೆಟ್ಟಿ ಇಲ್ಲ. ಹವಳದ ದಿಬ್ಬದ ಹೊರಗೆ ಹಡಗು ನಿಲ್ಲುತ್ತದೆ, ಹಳ್ಳಿಯಿಂದ ಫೈಬರ್ ದೋಣಿ ಬರುತ್ತದೆ. ಬೆಳಗಿನ ಜಾವ ಮೂರು ಗಂಟೆಯಾದರೂ ಸರಿ, ಆಗಲೇ ಇಳಿಯಬೇಕು. ಹಡಗಿನ ಬದಿಯಲ್ಲಿ ನಿಂತು ಕೆಳಗೆ ನೋಡಿದರೆ ದೋಣಿ ಒಂದು ಕ್ಷಣ ನಿಮ್ಮ ಕಾಲಿನ ಮಟ್ಟಕ್ಕೆ ಬಂದು ಇನ್ನೊಂದು ಕ್ಷಣಕ್ಕೆ ಒಂದಾಳು ಆಳಕ್ಕೆ ಇಳಿದುಹೋಗುತ್ತದೆ. ಟಾರ್ಚಿನ ಬೆಳಕಲ್ಲಿ ನೀರು ಕಪ್ಪಗೆ ಹೊಳೆಯುತ್ತದೆ, ಮೇಲಿನಿಂದ ಅಕ್ಕಿ ಚೀಲಗಳು ಕೈಯಿಂದ ಕೈಗೆ ಹೋಗುತ್ತಿರುತ್ತವೆ, ಒಂದು ಹಂದಿ ಕೂಗುತ್ತಿರುತ್ತದೆ, ಯಾರೋ ಅಜ್ಜಿ ನಿಮಗಿಂತ ಮುಂಚೆ ಸಲೀಸಾಗಿ ಇಳಿದು ಕೂತಿರುತ್ತಾರೆ.

ಆ ಅಜ್ಜಿ ಹೇಗೆ ಇಳಿದರು ಅಂತ ಗಮನಿಸಿ. ಬ್ಯಾಗು ಬೆನ್ನಲ್ಲಿರಲಿಲ್ಲ, ಮುಂಚೆಯೇ ಕೊಟ್ಟುಬಿಟ್ಟಿದ್ದರು. ಎರಡೂ ಕೈ ಖಾಲಿ. ದೋಣಿ ಮೇಲೇರಿ ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಆಗ ಹಾರಲಿಲ್ಲ, ಮೆಟ್ಟಿಲು ಇಳಿದ ಹಾಗೆ ಕಾಲಿಟ್ಟರು. ದೋಣಿಯವನ ಬೆರಳು ಹಿಡಿಯಲಿಲ್ಲ, ಮಣಿಕಟ್ಟು ಹಿಡಿದರು. ಇಟ್ಟ ತಕ್ಷಣ ಕೂತರು. ಅಷ್ಟೇ ವಿದ್ಯೆ. ಹಡಗಿಗೂ ದೋಣಿಗೂ ನಡುವೆ ಕೈಯಾಗಲಿ ಕಾಲಾಗಲಿ ಯಾವ ಕಾರಣಕ್ಕೂ ಇಡಬೇಡಿ, ಬ್ಯಾಗು ಬಿದ್ದರೂ ಕೈ ಹಾಕಬೇಡಿ. ಫೋನು, ಪಾಸ್‌ಪೋರ್ಟು, ದುಡ್ಡು ಎರಡು ಪದರ ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ.

ಆಮೇಲೆ ಹವಳದ ದಿಬ್ಬದ ನಡುವಿನ ಕಿಂಡಿ. ಅದರ ಮುಂದೆ ದೋಣಿಯವನು ಎಂಜಿನ್ ನಿಧಾನ ಮಾಡಿ ಹಿಂದೆ ತಿರುಗಿ ಅಲೆ ನೋಡುತ್ತಾನೆ. ಆಗ ಮಾತಾಡಿಸಬೇಡಿ, ಏಳಬೇಡಿ, ಫೋಟೊಗೆ ಕೈ ಎತ್ತಬೇಡಿ. ದೊಡ್ಡ ಅಲೆಗಳು ಹೋಗಲಿ ಅಂತ ಕಾದು ಒಂದೇ ಸಲ ಒಳಗೆ ನುಗ್ಗಿಸುತ್ತಾನೆ, ಮರುನಿಮಿಷ ನೀರು ಕೆರೆಯ ಹಾಗೆ.

ಹಳ್ಳಿಗೆ ಕಾಲಿಟ್ಟ ಮೇಲೆ

ಮೊದಲ ಕೆಲಸ ಸೆವುಸೆವು. ಅಂದರೆ ಊರ ಹಿರಿಯರ ಮುಂದೆ ಯಂಗೋನ, ಅಂದರೆ ಕಾವಾ ಗಿಡದ ಬೇರು ಇಟ್ಟು ಊರಿನೊಳಗೆ ಇರಲು ಅನುಮತಿ ಕೇಳುವುದು. ಬೇರನ್ನು ಸುವಾ ಮಾರ್ಕೆಟ್ಟಿನ ಮೇಲಿನ ಮಹಡಿಯಲ್ಲಿ ಕೊಳ್ಳಿ, ಪುಡಿಯಲ್ಲ, ವಾಕಾ ಅಂತ ಕೇಳಿ, ಅರ್ಧ ಕಿಲೋ ಕಟ್ಟು ಒಂದು ಊರಿಗೆ. ಎರಡು ಊರಿಗೆ ಹೋಗುವುದಾದರೆ ಎರಡು ಕಟ್ಟು. ಬೇರಿನ ಕಟ್ಟನ್ನು ನಿಮ್ಮ ಪರವಾಗಿ ಮನೆಯವರೇ ಒಪ್ಪಿಸುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂರುವುದು ನಮಗೆ ಹೊಸದಲ್ಲ, ಅಲ್ವಾ. ತಾನೋವ ಅನ್ನುವ ಮರದ ಬೋಗುಣಿಯಲ್ಲಿ ಕಲಸಿದ ಪಾನೀಯ ತೆಂಗಿನ ಚಿಪ್ಪಿನಲ್ಲಿ ನಿಮ್ಮ ಮುಂದೆ ಬರುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ ಬೂಲ ಅನ್ನಿ, ಒಂದೇ ಗುಟುಕಿಗೆ ಕುಡಿಯಿರಿ, ಮೂರು ಸಲ ಚಪ್ಪಾಳೆ ತಟ್ಟಿ. ಮಣ್ಣಿನ ವಾಸನೆ, ಸ್ವಲ್ಪ ಕಹಿ, ನಾಲಿಗೆ ಜೋಮು ಹಿಡಿದ ಹಾಗಾಗುತ್ತದೆ. ಊರೊಳಗೆ ಟೋಪಿ ಹಾಕಬೇಡಿ, ಭುಜ ಮುಚ್ಚಿರಲಿ, ಸುಲು ಅನ್ನುವ ಲುಂಗಿಯಂಥ ಬಟ್ಟೆ ಉಟ್ಟುಕೊಳ್ಳಿ. ಭಾನುವಾರ ದೋಣಿ, ಈಜು, ಕೆಲಸ ಏನೂ ಇಲ್ಲ.

ಸಸ್ಯಾಹಾರಿಗಳು ಉಪವಾಸ ಇರಬೇಕಾಗುತ್ತದೆ ಅನ್ನುವ ಭಯ ಬೇಡ. ಮರಗೆಣಸು, ದೀವಿಹಲಸು, ತೆಂಗು ಸಿಗುತ್ತದೆ. ಕೆಸುವಿನ ಎಲೆಯನ್ನು ತೆಂಗಿನ ಹಾಲಲ್ಲಿ ಬೇಯಿಸಿ ರೌರೌ ಮಾಡುತ್ತಾರೆ, ಮಲೆನಾಡು ಕರಾವಳಿಯವರಿಗೆ ಮನೆ ಊಟದ ರುಚಿ. ನಾನು ಇದನ್ನು ತಿನ್ನಲ್ಲ ಅಂತ ಮೊದಲ ದಿನವೇ ಮೆಲ್ಲಗೆ ಹೇಳಿಬಿಡಿ. ಮೀನು ತಿನ್ನುವವರು ಊರವರು ತಿನ್ನದ ಮೀನನ್ನು ತಿನ್ನಬೇಡಿ. ಹವಳದ ನಡುವಿನ ಕೆಲವು ದೊಡ್ಡ ಮೀನುಗಳಲ್ಲಿ ಸಿಗ್ವಟೆರಾ ಅನ್ನುವ ವಿಷ ಇರುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಹವಳ ಕಾಲಿಗೆ ತರಚಿದರೆ ಆಗಲೇ ಒಳ್ಳೆ ನೀರಲ್ಲಿ ಉಜ್ಜಿ ತೊಳೆದು ಔಷಧಿ ಹಚ್ಚಿ, ನಾಳೆ ನೋಡೋಣ ಅಂದರೆ ಕೀವಾಗುತ್ತದೆ.

ದ್ವೀಪದಿಂದ ದ್ವೀಪಕ್ಕೆ ಫೈಬರ್ ದೋಣಿಯಲ್ಲಿ ಹೋಗುವಾಗ ಪೆಟ್ರೋಲಿನ ಖರ್ಚೇ ದೊಡ್ಡದು, ಪೆಟ್ರೋಲೂ ಅದೇ ಹಡಗಲ್ಲಿ ಬಂದಿದ್ದು. ಯಾರಾದರೂ ಹೇಗೂ ಹೋಗುತ್ತಿದ್ದರೆ ಪಾಲು ಕೊಟ್ಟು ಹೋಗಿ. ಒಂದೇ ಎಂಜಿನ್ ಇರುತ್ತದೆ, ಅದು ನಿಂತರೆ ಗಾಳಿ ಒಯ್ದ ಕಡೆ ದೋಣಿ. ಹುಟ್ಟು, ಹೆಚ್ಚಿನ ಪೆಟ್ರೋಲು, ನೀರು, ರೇಡಿಯೊ ಇದೆಯಾ ಕೇಳಿ. ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ ದಡದಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಮಧ್ಯಾಹ್ನದ ಮೇಲೆ ಹೊರಡಬೇಡಿ.

ಇನ್ನೂ ದೂರ ಹೋಗುವವರಿಗೆ

ಇದೇ ರೀತಿ ತುವಾಲು ಅನ್ನುವ ಪುಟ್ಟ ದ್ವೀಪದೇಶ ನೋಡಬಹುದು. ಸುವಾದಿಂದ ಅದರ ರಾಜಧಾನಿ ಫುನಾಫುಟಿಗೆ ವಿಮಾನ ಇದೆ, ಅಲ್ಲಿಂದ ಆಚೆ ದ್ವೀಪಗಳಿಗೆ ಸರ್ಕಾರದ ಹಡಗು. ಅಲ್ಲಿ ಮೊದಲ ಎಟಿಎಂ ಬಂದಿದ್ದೇ 2025ರ ಏಪ್ರಿಲಿನಲ್ಲಿ, ಆಸ್ಟ್ರೇಲಿಯಾ ಡಾಲರ್ ನೋಟು ಕೈಯಲ್ಲಿರಲಿ. ಟೊಕೆಲಾವಿಗೆ ವಿಮಾನವೇ ಇಲ್ಲ. ಸಮೋವಾದ ಆಪಿಯಾದಿಂದ ಹಡಗಲ್ಲಿ ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ, ಮೂರು ಹವಳ ದ್ವೀಪ, ಸುಮಾರು 1,500 ಜನ. ಆಪಿಯಾದ ಟೊಕೆಲಾವು ಕಚೇರಿಯಲ್ಲಿ ಮುಂಚೆಯೇ ಅನುಮತಿ ಬೇಕು, ಹಡಗಲ್ಲಿ ಮೊದಲ ಜಾಗ ಅಲ್ಲಿನವರಿಗೆ. ಲಾವು ಒಮ್ಮೆ ಮಾಡಿದ ಮೇಲೆ ಇವಕ್ಕೆ ಕೈ ಹಾಕಿ.

ವಾಪಸ್ ಬರುವುದಕ್ಕೆ ಒಂದು ಉಪಾಯ ಇದೆ. ಲಾಕೆಂಬ, ವನುವಂಬಲಾವು, ದಿದಿಯಾ, ಮೊವಾಲಾ ಈ ನಾಲ್ಕು ಕಡೆ ಸಣ್ಣ ವಿಮಾನ ಇಳಿಯುತ್ತದೆ. ಹೋಗುವಾಗ ಹಡಗು, ಬರುವಾಗ ವಿಮಾನ ಇಟ್ಟುಕೊಂಡರೆ ನೆಮ್ಮದಿ. ಆದರೂ ಭಾರತಕ್ಕೆ ಬರುವ ಟಿಕೆಟ್ ಅದರ ಮಾರನೇ ದಿನವೇ ಇಡಬೇಡಿ, ವಾರ ಬಿಟ್ಟು ಇಡಿ.

ಹಡಗಲ್ಲೇ ಬರುವುದಾದರೆ ಹೊರಡುವ ದಿನ ಮನೆಯವರು ನಿಮ್ಮ ಕೈಗೆ ಸುತ್ತಿದ ಚಾಪೆ, ತೆಂಗಿನಕಾಯಿ ಚೀಲ, ಒಂದು ಮೀನಿನ ಡಬ್ಬಿ ಕೊಡುತ್ತಾರೆ. ಎಲ್ಲವೂ ನಿಮಗಲ್ಲ, ಸುವಾದಲ್ಲಿರುವ ಮಗಳಿಗೆ, ತಮ್ಮನಿಗೆ. ಬೇಡ ಅನ್ನಬೇಡಿ. ಮೇಲೆ ಹೆಸರು ಬರೆದಿದೆಯಾ ನೋಡಿ, ರಾತ್ರಿ ಅಲೆ ಬರದ ಜಾಗದಲ್ಲಿ ನಿಮ್ಮ ಬ್ಯಾಗಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ವಾಲು ಬೇಯಲ್ಲಿ ಹಡಗು ಕಟ್ಟಿದ ಮೇಲೆ ಗುಂಪಿನಲ್ಲಿ ಇಳಿದು ಹೋಗಬೇಡಿ, ಡೆಕ್ಕಿನ ಮೇಲೇ ಆ ಚಾಪೆ ಕಾಣುವ ಹಾಗೆ ಹಿಡಿದು ನಿಂತಿರಿ. ಅದನ್ನು ತೆಗೆದುಕೊಳ್ಳುವವರು ಆಗಲೇ ಕೆಳಗೆ ಕಾಯುತ್ತಿರುತ್ತಾರೆ.